ಪಟ್ಟಿ ಉದ್ದ, ಪಂಕ್ತಿ ಗಿಡ್ಡ

ಸಂಘವೊಂದರ ಕಾರ್ಯದರ್ಶಿಗಳು ಸುವರ್ಣ ಮಹೋತ್ಸವದ ಔತಣಕ್ಕೆ 42 ಪದಾರ್ಥಗಳ ಪಟ್ಟಿ ಕಳಿಸಿ, ‘ಇನ್ನೇನು ಸೇರಿಸೋಣ?’ ಎಂದು ಕೇಳಿದ್ದಾರೆ. ಅತಿಥಿಗಳು 600. ಊಟ ಬಫೆ. ಬಡಿಸುವವರು ಎಷ್ಟು ಮಂದಿ ಎಂಬುದು ಪಟ್ಟಿಯಲ್ಲೆಲ್ಲೂ ಇಲ್ಲ.

ಬಫೆ ಪಂಥದವರ ವಾದ ನನಗೆ ಬಾಯಿಪಾಠ: ಬೇಕಾದ್ದು ಬೇಕಾದಷ್ಟೇ ಹಾಕಿಕೊಳ್ಳಬಹುದು, ಪೋಲಾಗುವುದಿಲ್ಲ, ಕಾಯುವುದಿಲ್ಲ. ಕಾಯುವುದಿಲ್ಲವೇ? ದೋಸೆ ಕೌಂಟರಿನ ಮುಂದೆ ತಟ್ಟೆ ಹಿಡಿದು ನಿಂತವರನ್ನು ಕೇಳಿ. ಜನ ಸಂಜೆ ಏಳರಿಂದ ಹತ್ತರವರೆಗೆ ಬಂದು ಹೋಗುವ ರಿಸೆಪ್ಶನ್‌ಗೆ ಬಫೆಯೇ ಸರಿ, ಒಪ್ಪುತ್ತೇನೆ. ಆದರೆ ಎಲ್ಲರೂ ಒಂದೇ ಹೊತ್ತಿಗೆ ಬಂದು, ಒಂದೇ ಭಾಷಣ ಕೇಳಿ, ಒಟ್ಟಿಗೇ ಹಸಿಯುವ ಸಮಾರಂಭಕ್ಕೆ?

ಫ್ರಾನ್ಸಿನ ಸಿರಿವಂತರ ಮನೆಗಳಲ್ಲೂ ಒಂದು ಕಾಲಕ್ಕೆ ಬಫೆಯ ಹಾಗೇ ಹತ್ತಾರು ಭಕ್ಷ್ಯಗಳನ್ನು ಒಟ್ಟಿಗೇ ಮೇಜಿನ ಮೇಲೆ ಹರಡುತ್ತಿದ್ದರು. ನೋಡಲು ವೈಭವ. ಉಣ್ಣುವ ಹೊತ್ತಿಗೆ ಎಲ್ಲ ತಣ್ಣಗೆ, ಅದೂ ಕೈಗೆಟುಕಿದಷ್ಟೇ. ಒಂದಾದ ಮೇಲೊಂದು ಬಿಸಿಬಿಸಿಯಾಗಿ ಬಡಿಸುವ ಪದ್ಧತಿಯನ್ನು 1810ರ ಸುಮಾರಿಗೆ ಪ್ಯಾರಿಸ್ಸಿಗೆ ತಂದದ್ದು ರಷ್ಯಾದ ರಾಯಭಾರಿ ಕುರಾಕಿನ್ ಎನ್ನುತ್ತಾರೆ. ಮುಂದೆ ಯುರೋಪೇ ಆ ದಾರಿ ಹಿಡಿಯಿತು. ಸ್ಟಾಕ್‌ಹೋಮಿನ ನೊಬೆಲ್ ಔತಣದಲ್ಲಿ ಇವತ್ತಿಗೂ ಸುಮಾರು 1300 ಜನ ಕೂತೇ ಉಣ್ಣುತ್ತಾರೆ. ಪದಾರ್ಥಗಳು ನಾಲ್ಕೈದನ್ನೂ ಮೀರುವುದಿಲ್ಲ, ಬಡಿಸುವವರು ಮಾತ್ರ ಮೆಟ್ಟಿಲಿಳಿದು ಸಾಲುಸಾಲಾಗಿ ಬರುತ್ತಾರೆ. ಯುರೋಪಿನವರು ಕೈಬಿಟ್ಟ ಪದ್ಧತಿಯನ್ನು ನಾವು ಕೆಳಗೆ ಬೆಂಕಿಯಿಟ್ಟ ಸ್ಟೀಲ್ ಪಾತ್ರೆಗಳಿಗೆ ತುಂಬಿ ಪ್ರತಿಷ್ಠೆ ಎನ್ನುತ್ತಿದ್ದೇವೆ. ಅದೂ ಪಂಕ್ತಿ ಭೋಜನದಂಥ ಪದ್ಧತಿ ಮನೆಯಲ್ಲೇ ಇರುವಾಗ!

ಲೆಕ್ಕ ಸುಲಭ. ಹಾಲಿನಲ್ಲಿ 200 ಎಲೆ ಹಿಡಿದರೆ ಮೂರು ಪಂಕ್ತಿ. ಒಂದಕ್ಕೆ ಮುಕ್ಕಾಲು ಗಂಟೆ, ಎಲೆ ತೆಗೆದು ಒರೆಸಲು ಹದಿನೈದು ನಿಮಿಷ. ಕೊನೆಯ ಪಂಕ್ತಿಯವರಿಗೆ ಎರಡು ಗಂಟೆ ಕಳೆಯಲು ಏನಾದರೂ ಬೇಕು, ಸಂಗೀತವಾದರೆ ಒಳ್ಳೆಯದು. ಪದಾರ್ಥ 42 ಆದರೆ ಉಪ್ಪಿನಕಾಯಿ ಬಡಿಸಿ ತುಪ್ಪ ಬರುವಷ್ಟರಲ್ಲಿ ಅನ್ನ ಆರಿರುತ್ತದೆ. ಹದಿನಾರು ಸಾಕು. ಉಳಿದ ದುಡ್ಡು ಬಡಿಸುವ ಹುಡುಗರಿಗೆ ಹೋಗಲಿ. ಹುಳಿಯ ಬಕೆಟ್ ಹಿಡಿದವನು ಎರಡನೇ ಸಲ ಅದೇ ಸಾಲಿಗೆ ಬರುತ್ತಾನೋ ಇಲ್ಲವೋ, ಔತಣದ ಯೋಗ್ಯತೆ ನಾನು ಅಳೆಯುವುದು ಅಲ್ಲಿ.

ಇದಿಷ್ಟು ಬರೆದು ಸಿಹಿ ಯಾವಾಗ ಬಡಿಸಬೇಕೆಂಬುದಕ್ಕೆ ಬಂದೆ, ಕೈ ತಾನಾಗಿ ‘ಮಾನಸೋಲ್ಲಾಸ’ದ ಕಡೆ ಹೋಯಿತು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಸಂಸ್ಕೃತ ಗ್ರಂಥ. ಅದರ ಅನ್ನಭೋಗದ ಭಾಗದಲ್ಲಿ ಇಡ್ಲಿಯ ಹಿರಿಯಜ್ಜಿ ಇಡ್ಡರಿಕಾ ಇದೆ, ಇಲಿ ಹುರಿಯುವ ಕ್ರಮವೂ ಇದೆ. (ಕಾರ್ಯದರ್ಶಿಗಳು ಗಾಬರಿಯಾಗಬೇಡಿ.) ನನಗೆ ಹಿಡಿಸುವುದು ಬಡಿಸುವ ವರಸೆ. ರಾಜ ತನ್ನವರೊಡನೆ ಕೂರುತ್ತಾನೆ, ಮಡಿಲಿಗೆ ಬಿಳಿ ಬಟ್ಟೆ ಹಾಸಿಕೊಳ್ಳುತ್ತಾನೆ. ಮೊದಲು ಅನ್ನ, ಬೇಳೆ, ತುಪ್ಪ. ಪಾಯಸ ಊಟದ ನಡುವೆ. ಮೊಸರನ್ನ ಕೊನೆಗೆ. ಅರಸನಿಗೂ ಇಷ್ಟು ಶಿಸ್ತು!

ಎಲೆಯ ಬಲತುದಿಯಲ್ಲಿ ಪಾಯಸವನ್ನು ಮೊದಲೇ ಬಡಿಸುವ ಮೈಸೂರಿನ ಬಂಧುಗಳು ಇಲ್ಲಿ ತಕರಾರು ತೆಗೆಯುತ್ತಾರೆ. ತೆಗೆಯಲಿ. ಮೊದಲಿಗೆ ಒಂದು ಚಮಚ, ನಡುವೆ ಒಂದು ಸೌಟು ಎಂದು ರಾಜಿಗೆ ಬರುತ್ತೇನೆ. ಐಸ್‌ಕ್ರೀಮ್ ಕೌಂಟರಿನ ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ಕಾರ್ಯದರ್ಶಿಗಳೇ, ಪಟ್ಟಿಯ 39ನೆಯದನ್ನು ಮೊದಲು ಹೊಡೆದು ಹಾಕಿ.