ಕಚ್ಚಾ ಎಂದು ಕರೆಸಿಕೊಂಡ ಮನೆ

ಹಳೆಯ ಮನೆಯನ್ನು ಸ್ವಂತ ಕೈಯಿಂದಲೇ ಹೊಸದು ಮಾಡಿಕೊಳ್ಳುವುದು ಹೇಗೆಂದು ಹೇಳಿಕೊಡುವ ಬರಹಗಳು, ವಿಡಿಯೋಗಳು ಈಗ ಬೇಕಾದಷ್ಟಿವೆ. ನಗರದವರಿಗೆ ಇದು ರಜಾದಿನದ ಹವ್ಯಾಸ. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಮಾಳಿಗೆ ಮನೆಗಳಲ್ಲಿ ಇದು ಎಂದೂ ಹವ್ಯಾಸವಾಗಿರಲಿಲ್ಲ. ಬಿತ್ತನೆಗೆ ಹೊಲ ಹದ ಮಾಡುವಂತೆ ಮಳೆಗಾಲಕ್ಕೆ ಮನೆಯನ್ನೂ ಹದ ಮಾಡಬೇಕಿತ್ತು. ಅದಕ್ಕೆ ನಮ್ಮ ಕಡೆ ಒಂದು ಹೆಸರಿತ್ತು: ಮರಾಮತ್ತು. 1948ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದ ಈ ನೆಲಕ್ಕೆ ಆ ಪದ ಬಂದದ್ದು ಉರ್ದುವಿನಿಂದ. ಅದನ್ನು ಬಳಸಿದವರು ಮಾತ್ರ ಎಲ್ಲ ಜಾತಿಯ, ಎಲ್ಲ ಧರ್ಮದ ಜನ.

ಮಾಳಿಗೆಯ ರಚನೆಯನ್ನು ಗಮನಿಸಿದರೆ ಮರಾಮತ್ತಿನ ಅರ್ಥ ತಿಳಿಯುತ್ತದೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ, ಸೊಪ್ಪು ಸದೆ, ಎಲ್ಲಕ್ಕೂ ಮೇಲೆ ಮಣ್ಣು. ಯಾವ ಮಣ್ಣಾದರೂ ನಡೆಯದು. ಎರೆಮಣ್ಣು ಬಿಸಿಲಿಗೆ ಬಿರಿಯುತ್ತದೆ. ಸವಳು ಮಣ್ಣು ಮಳೆಹನಿ ಬಿದ್ದೊಡನೆ ಕದಡಿ ಸಣ್ಣ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಬೆಳೆ ಬಾರದ ನೆಲದ ದೋಷವೇ ಇಲ್ಲಿ ಮಾಳಿಗೆಯ ಗುಣ. ಸುಣ್ಣ ಬಳಿಯುವುದಕ್ಕೆ ಯುಗಾದಿ, ರಂಜಾನ್, ಮೊಹರಮ್ ನೆಪವಾಗುತ್ತಿದ್ದವು. ಆದರೆ ಮಾಳಿಗೆಗೆ ಮಣ್ಣು ಹಾಕುವುದಕ್ಕೆ ಹಬ್ಬದ ಹಂಗಿಲ್ಲ. ಹಬ್ಬ ಚಂದ್ರನನ್ನು ನೋಡಿ ಬರುತ್ತದೆ, ಮಾಳಿಗೆ ಕಾಯುವುದು ರೋಹಿಣಿ ಮಳೆಯನ್ನು. ಅದರೊಳಗೆ ಸೀಳು ಮುಚ್ಚಿ, ನೀರು ಹೋಗುವ ದಾರಿ ತೆರವು ಮಾಡಿ, ಬೆಳಕಿಂಡಿಯ ಸುತ್ತ ಏರು ಕಟ್ಟಬೇಕು. ತಿಳಿದವರು ಹೊಸ ಮಣ್ಣು ಹಾಕುವ ಮೊದಲು ಹಳೆಯದನ್ನು ಕೆತ್ತಿ ತೆಗೆಯುತ್ತಿದ್ದರು. ಒಂದು ಘನ ಅಡಿ ಒಣಮಣ್ಣು ಸುಮಾರು 45 ಕಿಲೋ ತೂಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಮೇಲೆ ಒಂದಡಿ ಮಣ್ಣು ಕೂತರೆ ಜಂತಿಗಳ ಮೇಲೆ ನಾಲ್ಕೂವರೆ ಟನ್ ಭಾರ. ಅದು ನೆನೆದರೆ ಇನ್ನೂ ಹೆಚ್ಚು. ಅನೇಕ ಮಾಳಿಗೆಗಳು ಕುಸಿದದ್ದು ಮಣ್ಣಿನವು ಎಂಬ ಕಾರಣಕ್ಕಲ್ಲ, ಮೇಲೆ ಮೇಲೆ ಹಾಕಿದ ಮಣ್ಣನ್ನು ಯಾರೂ ತೆಗೆಯಲಿಲ್ಲ ಎಂಬ ಕಾರಣಕ್ಕೆ.

ಇಂಥ ಮನೆಗೆ ಕಚೇರಿಯ ಭಾಷೆ ಇಟ್ಟ ಹೆಸರು 'ಕಚ್ಚಾ'. ಇದೂ ನಮ್ಮ ಮನೆಮಾತಿನ ಪದವೇ. ಉರ್ದುವಿನಲ್ಲಿ ಕಚ್ಚಾ ಎಂದರೆ ಬೇಯದ್ದು, ಮಾಗದ್ದು. ಪಕ್ಕಾ ಎಂದರೆ ಬೆಂದದ್ದು, ಹಣ್ಣಾದದ್ದು. ಮೂರು ತಲೆಮಾರು ಬಾಳಿ, ಹೆರಿಗೆ ಮದುವೆ ಮಯ್ಯತ್ತುಗಳನ್ನೆಲ್ಲ ಕಂಡ ಮನೆ ಮಾಗಿಲ್ಲ, ಕಳೆದ ವರ್ಷ ಸ್ಲ್ಯಾಬ್ ಹಾಕಿದ ಮನೆ ಮಾಗಿದೆ ಎನ್ನುವುದು ಎಂಥ ನ್ಯಾಯ? 2011ರ ಜನಗಣತಿ ಮನೆಗಳನ್ನು ವಿಂಗಡಿಸಿದ್ದು ಗೋಡೆ, ಚಾವಣಿಗಳ ಸಾಮಗ್ರಿಯನ್ನು ನೋಡಿ. ಗೋಡೆ, ಚಾವಣಿ ಎರಡೂ ಮಣ್ಣಿನವಾಗಿದ್ದರೆ ಅದು 'ತಾತ್ಕಾಲಿಕ'. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ ಬಯಲು ಸೀಮೆಯ ಕುಟುಂಬಕ್ಕೆ ನಿಗದಿ ಮಾಡಿದ ನೆರವು 1.20 ಲಕ್ಷ ರೂಪಾಯಿ, ಮನೆಯ ಕನಿಷ್ಠ ಅಳತೆ 25 ಚದರ ಮೀಟರ್. ಮನೆಯಿಲ್ಲದವರಿಗೆ ಇದು ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ಯೋಜನೆಯ ಕಣ್ಣು ಇರುವುದು ಹೊಸದಾಗಿ ಕಟ್ಟುವುದರ ಮೇಲೆ. ಮನೆ ಯಾವುದರಿಂದ ಆಗಿದೆ ಎಂದು ಕೇಳುವ ನಮೂನೆ, ಅದನ್ನು ಹೇಗೆ ಕಾಪಾಡಿಕೊಂಡಿದ್ದೀರಿ ಎಂದು ಕೇಳುವುದಿಲ್ಲ. ನಾಲ್ಕು ಜಂತಿ ಬದಲಿಸಿದರೆ ಇನ್ನೂ ಮೂವತ್ತು ವರ್ಷ ನಿಲ್ಲಬಲ್ಲ ಮನೆಯ ಯಜಮಾನನಿಗೆ ಅಲ್ಲಿ ಉತ್ತರವಿಲ್ಲ.

ಇಷ್ಟು ಹೇಳಿ ಮಣ್ಣಿನ ಮನೆಗೆ ಹಾರ ಹಾಕುವವರ ಸಾಲಿನಲ್ಲಿ ನಿಲ್ಲಲು ನಾವು ಸಿದ್ಧರಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಗೆ ಉತ್ತರ ಕರ್ನಾಟಕದಲ್ಲಿ ಸಾಲು ಸಾಲು ಮಣ್ಣಿನ ಮನೆಗಳು ನೆಲಕಚ್ಚಿದವು. ಜಡಿಮಳೆ ಹಿಡಿದಾಗಲೆಲ್ಲ ಗೋಡೆ ಬಿದ್ದು ಮಲಗಿದ್ದವರು ಸತ್ತ ಸುದ್ದಿ ಬರುತ್ತದೆ. ಆ ಭಯದಲ್ಲಿ ರಾತ್ರಿ ಕಳೆದವರ ಮುಂದೆ ಮಣ್ಣಿನ ತಂಪಿನ ಬಗ್ಗೆ ಭಾಷಣ ಮಾಡುವುದು ಅಮಾನವೀಯ.

ನಾವು ಕೇಳಬೇಕಾದ ಪ್ರಶ್ನೆ ಬೇರೆ: ಮರಾಮತ್ತು ನಿಂತದ್ದು ಯಾಕೆ? ಎಡದಂಡೆ ಕಾಲುವೆಯ ನೀರು ಕಂಡ ಗಂಗಾವತಿಯಲ್ಲಿ ಭತ್ತದ ದುಡ್ಡು ಮನೆಗಳನ್ನು ಬದಲಿಸಿತು. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಜನ ಸುಗ್ಗಿ ಮುಗಿಯುತ್ತಲೇ ಬೆಂಗಳೂರು, ಮಂಗಳೂರು, ಗೋವಾಕ್ಕೆ ಗುಳೆ ಹೊರಟರು. ಮಾಳಿಗೆಗೆ ಮಣ್ಣು ಹಾಕುವ ಕಾಲವೂ ಅದೇ ಬೇಸಗೆ. ಮನೆಗೆ ಕೈ ಬೇಕಾದ ಹೊತ್ತಿನಲ್ಲಿ ಆ ಕೈಗಳು ಬೇರೆಯವರ ಮನೆ ಕಟ್ಟುತ್ತಿದ್ದವು. ಕಾಂಕ್ರೀಟ್ ಮನೆ ಬೀಗವನ್ನು ಸಹಿಸುತ್ತದೆ, ಮಾಳಿಗೆ ಮನೆ ಸಹಿಸದು. ಬಡವ ಕಾಂಕ್ರೀಟ್ ಬಯಸುವುದರಲ್ಲಿ ಶೋಕಿ ಹುಡುಕುವವರು ಈ ಬೀಗವನ್ನು ನೋಡಬೇಕು.

ಪೂರ್ತಿ ಹೊಸದು ಕಟ್ಟಲಾಗದವರು ಅರ್ಧ ದುರಸ್ತಿಗೆ ಇಳಿಯುತ್ತಾರೆ. ಅಪಾಯವಿರುವುದು ಅಲ್ಲಿ. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿ ಗಟ್ಟಿಯಾಯಿತೆಂದು ಸಮಾಧಾನಪಡುತ್ತಾರೆ. ಗಿಲಾವು ಎಂಬ ಪದದಲ್ಲೇ ಪಾರಸಿಯ 'ಗಿಲ್', ಅಂದರೆ ಮಣ್ಣು ಇದೆ. ಮಣ್ಣಿನ ಅಥವಾ ಸುಣ್ಣದ ಗಿಲಾವು ಗೋಡೆಯ ತೇವವನ್ನು ಹೊರಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಹಿಡಿದಿಡುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುವಾಗ ಒಳಗೆ ಗೋಡೆ ಮೆತ್ತಗಾಗುತ್ತಿರುತ್ತದೆ. ಅದರ ಮೇಲೆ ಸ್ಲ್ಯಾಬ್ ಹಾಕಿಸುವುದಂತೂ ಜೀವದ ಜೊತೆ ಆಟ. ಮೊದಲು ಮಾಳಿಗೆ, ಆಮೇಲೆ ಗೋಡೆಯ ಬುಡದಿಂದ ನೀರು ದೂರ ಹೋಗುವ ದಾರಿ, ಆಮೇಲೆ ಗೋಡೆ, ಕೊನೆಗೆ ಬಣ್ಣ: ಹಳೆಯ ಗೌಂಡಿಗಳ ಕ್ರಮ ಇದು. ಇಂದಿನ ದುರಸ್ತಿ ಬಣ್ಣದಿಂದಲೇ ಶುರುವಾಗುತ್ತದೆ.

ಹಳೆಯ ಮನೆಯನ್ನು ಹಳೆಯ ಕ್ರಮದಲ್ಲೇ ಉಳಿಸಿದ ಉದಾಹರಣೆ ಗಂಗಾವತಿ ತಾಲೂಕಿನ ಆನೆಗುಂದಿಯಲ್ಲಿದೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿಗೆ ಹೊಳೆಯಾಚೆಯ ಊರದು. ಅಲ್ಲಿ ಕಿಷ್ಕಿಂದಾ ಟ್ರಸ್ಟ್ ಹಳೆಯ ಮನೆಗಳ ಜೀರ್ಣೋದ್ಧಾರದಲ್ಲಿ ತೊಡಗಿಕೊಂಡಿದೆ. ಹಾಗೆ ಉಳಿದ ಕೆಲವು ಮನೆಗಳು ಪ್ರವಾಸಿಗರು ತಂಗುವ ತಾಣಗಳಾಗಿವೆ. ಕೆಲಸ ಅಚ್ಚುಕಟ್ಟಾದದ್ದು, ಮಣ್ಣು ಕೆಲಸಕ್ಕೆ ಮತ್ತೆ ಮರ್ಯಾದೆ ತಂದದ್ದು. ಆದರೂ ಒಂದು ಮಾತು ಉಳಿಯುತ್ತದೆ. ಅತಿಥಿಗೆ ಎರಡು ದಿನದ ಅನುಭವವಾಗಿ ಬೆಲೆ ಬರುವ ಮಣ್ಣಿನ ಗೋಡೆ, ಪಕ್ಕದ ಊರಿನಲ್ಲಿ ಅದೇ ಗೋಡೆಯೊಳಗೆ ಬದುಕುವವಳಿಗೆ ಯಾಕೆ ನಾಚಿಕೆಯ ವಸ್ತುವಾಗಿದೆ?

'ಬದುಕುವವಳಿಗೆ' ಎಂದು ಬೇಕೆಂದೇ ಬರೆಯುತ್ತಿದ್ದೇವೆ. ಸ್ವಂತ ಕೈಯ ಕೆಲಸ ಎಂದು ನಾವು ಹೊಗಳುವುದರಲ್ಲಿ ಬಹುಪಾಲು ಹೆಣ್ಣಿನ ಕೈಯ ಕೆಲಸ. ಮಣ್ಣು ಹೊತ್ತವಳು, ಕಲಸಿದವಳು, ನೆಲ ಗೋಡೆ ಸಾರಿಸಿದವಳು ಅವಳು. ಕನ್ನಡ ಕಥೆಗಳಲ್ಲಿ ಸೋರುವ ಮಾಳಿಗೆ ಬಡತನದ ಗುರುತಾಗಿ ಬರುತ್ತದೆ, ಅಜ್ಜಿಯ ಮನೆ ಹಳಹಳಿಕೆಯಾಗಿ ಬರುತ್ತದೆ. ಬುಟ್ಟಿ ಹೊತ್ತು ಮಾಳಿಗೆ ಏರಿದ ಹೆಂಗಸಿನ ಜ್ಞಾನ, ಅವಳ ಸೊಂಟನೋವು ಎರಡೂ ಅಪರೂಪ. ಅವಳು ಸಿಮೆಂಟು ಕೇಳುವಾಗ ಕೇಳುತ್ತಿರುವುದು ಒಂದಿಷ್ಟು ವಿಶ್ರಾಂತಿ. ಅದನ್ನು ಸಂಸ್ಕೃತಿಯ ನಾಶವೆಂದು ಬಯ್ಯುವ ಹಕ್ಕು ಯಾರಿಗೂ ಇಲ್ಲ.

ಆದ್ದರಿಂದ ನಾವು ಕೇಳುವುದು ಹಳೆಯ ದುಡಿಮೆಗೆ ಮರಳಿ ಎಂದಲ್ಲ. ವಸತಿ ಯೋಜನೆಯ ನಮೂನೆಯಲ್ಲಿ ಮರಾಮತ್ತಿಗೂ ಒಂದು ಸಾಲು ಇರಲಿ. ಹೊಸ ಮನೆಗೆ ಕೊಡುವುದರಲ್ಲಿ ಒಂದು ಪಾಲನ್ನು ಜಂತಿ ಬದಲಿಸಲು, ಬುಡ ಭದ್ರಪಡಿಸಲು ಬಯಸುವವರಿಗೆ ಕೊಡಲಿ. ಮಾಳಿಗೆ ಕೆಲಸ ಬಲ್ಲ ಗೌಂಡಿಗಳು, ಹೆಂಗಸರು ಇನ್ನೂ ಇರುವಾಗಲೇ ಅವರಿಗೆ ಸರಿಯಾದ ಕೂಲಿ ಕೊಟ್ಟು ಹುಡುಗರಿಗೆ ಕಲಿಸುವಂತಾಗಲಿ. ಯಾವ ಮನೆ ನಿಲ್ಲುತ್ತದೆ, ಯಾವುದನ್ನು ಕೆಡವಲೇಬೇಕು ಎಂದು ನೋಡಿ ಹೇಳಬಲ್ಲ ಒಬ್ಬ ಇಂಜಿನಿಯರ್ ಮಳೆಗಾಲಕ್ಕೆ ಮುಂಚೆ ಊರಿಗೆ ಬರಲಿ. ಆಮೇಲೆ ಮಣ್ಣೋ ಸಿಮೆಂಟೋ ಎಂಬುದನ್ನು ಆ ಮನೆಯೊಳಗೆ ಮಲಗುವವರೇ ತೀರ್ಮಾನಿಸಲಿ.