ಸಹಿಸಿಕೊಂಡವರಿಗೆ ಕಾಲು ಕೂರುವುದಿಲ್ಲ

ಕಾಲು ಕಳೆದುಕೊಂಡವರನ್ನು ಹೊಗಳಲು ನಮ್ಮಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತದೆ: "ಅಷ್ಟು ನೋವಿದ್ದರೂ ತುಟಿ ಪಿಟಕ್ಕೆನ್ನಲಿಲ್ಲ." ವಾರ್ಡಿನ ಸಿಸ್ಟರ್ ಇದನ್ನೇ ಹೇಳುತ್ತಾರೆ, ನೋಡಲು ಬಂದ ನೆಂಟರೂ ಇದನ್ನೇ ಹೇಳುತ್ತಾರೆ. ಅದರ ಬೆನ್ನಿಗೇ ಬುದ್ಧಿಮಾತೂ ಬರುತ್ತದೆ: "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ದಿನ ಕಳೆದ ಹಾಗೆ ಅಭ್ಯಾಸ ಆಗುತ್ತೆ." ಕೇಳುವವನು ಜಗಳಗಂಟ, ಸಹಿಸುವವನು ಒಳ್ಳೆಯ ರೋಗಿ ಎಂಬ ಈ ನಂಬಿಕೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ಇದು ಬರೀ ಕರುಣೆಯ ಕೊರತೆ ಎಂದು ಬಿಟ್ಟುಬಿಡುವಂಥದ್ದೂ ಅಲ್ಲ. ಇದು ವೈದ್ಯಕೀಯವಾಗಿಯೇ ತಪ್ಪು. ಅಂಗಚ್ಛೇದನವಾದವರ ಚಿಕಿತ್ಸೆಯಲ್ಲಿ ರೋಗಿಯ ಬಾಯಿಮಾತಿಗೆ ಬದಲಾಗಿ ನಿಲ್ಲಬಲ್ಲ ಯಂತ್ರವಿಲ್ಲ. ಆ ಬಾಯಿಯನ್ನು ಮುಚ್ಚಿಸಿದ ದಿನ ಚಿಕಿತ್ಸೆಯೇ ಅರ್ಧಕ್ಕೆ ನಿಲ್ಲುತ್ತದೆ.

ಕೃತಕ ಕಾಲಿನಲ್ಲಿ ನೋಡುವವರ ಕಣ್ಣಿಗೆ ಬೀಳುವುದು ಪಾದ. ಹಾಕಿಕೊಂಡವರ ಬದುಕು ನಿಂತಿರುವುದು ಸಾಕೆಟ್ ಮೇಲೆ, ಅಂದರೆ ಉಳಿದ ಕಾಲನ್ನು ಇಳಿಸಿಕೊಳ್ಳುವ ಆ ಬಟ್ಟಲಿನ ಮೇಲೆ. ಮಂಡಿಯ ಕೆಳಗೆ ಕಾಲು ತೆಗೆದಿದ್ದರೆ ಮೈಭಾರವನ್ನು ಎಲ್ಲೆಂದರಲ್ಲಿ ಹೊರಿಸಲು ಬರುವುದಿಲ್ಲ. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಭಾರ ತಾಳುತ್ತದೆ, ಮೂಳೆಯ ಒಳಬದಿಯ ಅಗಲವಾದ ಭಾಗವೂ ತಾಳುತ್ತದೆ. ಕಾಲಿನ ಮುಂಭಾಗದ ಮೂಳೆಯ ಏಣು, ಕತ್ತರಿಸಿದ ಮೂಳೆಯ ತುದಿ, ಹೊರಬದಿಯಲ್ಲಿ ಮಂಡಿಯ ಕೆಳಗೆ ಕೈಗೆ ಸಿಗುವ ಮೂಳೆಗುಬ್ಬು, ಇವು ತಾಳುವುದಿಲ್ಲ. ಅದಕ್ಕೇ ಪ್ರಾಸ್ಥೆಟಿಸ್ಟ್, ಅಂದರೆ ಕೃತಕ ಕಾಲು ತಯಾರಿಸುವವರು, ಪ್ಲಾಸ್ಟರ್ ಅಚ್ಚನ್ನು ಒಂದು ಕಡೆ ಕೆರೆದು ಇನ್ನೊಂದು ಕಡೆ ತುಂಬಿ ತಿದ್ದುತ್ತಾರೆ. ತಿದ್ದಿದ್ದು ಸರಿಯಾಯಿತೇ ಎಂದು ಅವರಿಗೆ ಗೊತ್ತಾಗುವುದು ಹೇಗೆ? ಕಾಲು ಬಿಚ್ಚಿದ ಮೇಲೆ ಚರ್ಮದ ಮೇಲಿನ ಕೆಂಪು ಗುರುತು ನೋಡಬಹುದು, ನಡೆಸಿ ನೋಡಬಹುದು. ಆದರೆ ಗದ್ದೆಯ ಬದುವಿನ ಮೇಲೆ ಅರ್ಧ ಗಂಟೆ ನಡೆದಾಗ, ಬಸ್ಸಿನ ಮೆಟ್ಟಿಲು ಹತ್ತುವಾಗ ಒಳಗೆ ಏನಾಗುತ್ತದೆ ಎಂಬುದನ್ನು ಎಕ್ಸ್‌-ರೇಯಾಗಲಿ ರಕ್ತಪರೀಕ್ಷೆಯಾಗಲಿ ಹೇಳುವುದಿಲ್ಲ. "ಇಲ್ಲಿ ಉರಿ, ಹತ್ತು ನಿಮಿಷ ನಡೆದ ಮೇಲೆ ಶುರು, ಇಳಿಜಾರಿನಲ್ಲಿ ಜಾಸ್ತಿ" ಎಂದು ರೋಗಿಯೇ ಹೇಳಬೇಕು.

ಒಮ್ಮೆ ಸರಿಯಾಗಿ ಕೂತ ಸಾಕೆಟ್ ಹಾಗೇ ಉಳಿಯುವುದೂ ಇಲ್ಲ. ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಸ್ಟಂಪ್, ಅಂದರೆ ಕತ್ತರಿಸಿ ಉಳಿದ ಕಾಲು, ಬಾವು ಇಳಿದು ಸಣ್ಣದಾಗುತ್ತ ಹೋಗುತ್ತದೆ. ಬೆಳಿಗ್ಗೆ ಬಿಗಿಯಾಗಿದ್ದದ್ದು ಸಂಜೆಗೆ ಸಡಿಲವಾಗುವುದೂ ಉಂಟು. ಸಡಿಲವಾದಾಗ ಒಂದು ಕಾಲುಚೀಲ ಹೆಚ್ಚಿಗೆ ಹಾಕಿಕೊಳ್ಳಬೇಕು, ಅದೂ ಸಾಲದಿದ್ದರೆ ಸಾಕೆಟ್ಟನ್ನೇ ಬದಲಿಸಬೇಕು. ಇದನ್ನು ಹೇಳಿಕೊಡದೆ ಕಳಿಸಿದರೆ ಕಾಲು ಬಟ್ಟಲಿನೊಳಗೆ ಕುಸಿದು ತುದಿಯ ಮೇಲೆ ಭಾರ ಬೀಳುತ್ತದೆ, ಹುಣ್ಣಾಗುತ್ತದೆ. ಆಗ ನಮ್ಮ ಒಳ್ಳೆಯ ರೋಗಿ "ಪರವಾಗಿಲ್ಲ ಸಾರ್" ಎಂದು ಮನೆಗೆ ಹೋಗಿ ಊರುಗೋಲು ಹಿಡಿಯುತ್ತಾನೆ. ಕೃತಕ ಕಾಲು ಅಟ್ಟ ಸೇರುತ್ತದೆ. ಕಡತದಲ್ಲಿ ಮಾತ್ರ "ಅಳವಡಿಸಲಾಗಿದೆ" ಎಂದೇ ಇರುತ್ತದೆ.

ದೂರು ಹೇಳುವುದು ಕೃತಘ್ನತೆ ಎನ್ನುವವರು ಜೈಪುರ ಕಾಲು ಹುಟ್ಟಿದ ಕಥೆಯನ್ನು ಒಮ್ಮೆ ನೆನೆಯಬೇಕು. 1960ರ ದಶಕದಲ್ಲಿ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಮೂಳೆತಜ್ಞರಾಗಿದ್ದ ಡಾ. ಪಿ.ಕೆ. ಸೇಠಿ, ಕಾಲು ಕೊಡಿಸಿಕೊಂಡವರು ಅದನ್ನು ಬಳಸದೇ ಬಿಡುವುದನ್ನು ಗಮನಿಸಿದರು. ಆಗ ಸಿಗುತ್ತಿದ್ದದ್ದು ಕುರ್ಚಿಯಲ್ಲಿ ಕೂತು, ಬೂಟು ಹಾಕಿ ನಡೆಯುವ ಪಾಶ್ಚಾತ್ಯರಿಗೆಂದು ಮಾಡಿದ ಗಟ್ಟಿ ಪಾದ. ಅದರಲ್ಲಿ ಕುಕ್ಕರುಗಾಲಲ್ಲಿ ಕೂರಲಾಗದು, ಚಕ್ಕಳಮಕ್ಕಳ ಹಾಕಲಾಗದು, ಕೆಸರಿನಲ್ಲಿ ಬರಿಗಾಲಲ್ಲಿ ಇಳಿಯಲಾಗದು. ಕುಶಲಕರ್ಮಿ ರಾಮಚಂದ್ರ ಶರ್ಮ ಅವರ ಕೈಯಲ್ಲಿ ರಬ್ಬರಿನ ಹೊಸ ಪಾದ ರೂಪುಗೊಂಡದ್ದು ಈ ಕೊರತೆಗಳಿಗೆ ಉತ್ತರವಾಗಿ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ರೋಗಿಗಳೂ "ಡಾಕ್ಟರು ಕೊಟ್ಟದ್ದು, ಹೊಂದಿಕೊಳ್ಳೋಣ" ಎಂದು ಕೊರತೆ ಮುಚ್ಚಿಟ್ಟಿದ್ದರೆ, ಇಲ್ಲವೇ ಸೇಠಿಯವರು "ಜನಕ್ಕೆ ಬಳಸಲು ಬರುವುದಿಲ್ಲ" ಎಂದು ತಳ್ಳಿಹಾಕಿದ್ದರೆ, ಲಕ್ಷಾಂತರ ಜನರನ್ನು ನಡೆಸಿದ ಆ ಪಾದ ಇರುತ್ತಿರಲಿಲ್ಲ.

ಅಂಥ ಪಾದವನ್ನೇ ಇಂದು ಉಚಿತ ಶಿಬಿರಗಳಲ್ಲಿ ಕೊಡುವಾಗ, ಪಡೆದವರು ಕೊರತೆ ಹೇಳಿದರೆ ಸಂಘಟಕರ ಮುಖ ಗಂಟಿಕ್ಕುತ್ತದೆ. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಎಂಬ ನ್ಯಾಯ. ಎಮ್ಮೆಗೆ ಹಲ್ಲು ಕಡಿಮೆಯಿದ್ದರೆ ಹಾಲು ಸ್ವಲ್ಪ ಕಡಿಮೆಯಾದೀತು. ಸಾಕೆಟ್ ಅರ್ಧ ಅಂಗುಲ ತಪ್ಪಿದರೆ ಹುಣ್ಣಾಗಿ ಕೆಲಸ ಹೋಗುತ್ತದೆ, ಕೆಲವೊಮ್ಮೆ ಮತ್ತಷ್ಟು ಕಾಲು ಹೋಗುತ್ತದೆ. ಅಲ್ಲದೆ ಎಲ್ಲವೂ ದಾನವೂ ಅಲ್ಲ. ಸಾಧನ ಸಲಕರಣೆಗಳಿಗೆ ನೆರವು ಕೊಡುವ ಕೇಂದ್ರದ ಅಡಿಪ್ ಯೋಜನೆ 1981ರಿಂದ ಇದೆ, ಅದು ತೆರಿಗೆಯ ಹಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಕಲಮು ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ಎಲ್ಲ ಭಾಗಗಳಿಗೂ ಅಡೆತಡೆಯಿಲ್ಲದ ಪ್ರವೇಶ ಇರಬೇಕು, ತಪಾಸಣೆ ಮತ್ತು ಚಿಕಿತ್ಸೆಯಲ್ಲಿ ಆದ್ಯತೆ ಸಿಗಬೇಕು ಎನ್ನುತ್ತದೆ. ಇನ್ನು ನಿಜವಾಗಿಯೂ ಕೈಯಿಂದ ಹಣ ಹಾಕಿದ ದಾನಿಯ ಮಾತು: ಅವರು ಕೊಟ್ಟದ್ದು ಒಬ್ಬರು ನಡೆಯಲಿ ಎಂದು. ನಡೆಯಲಾಗುತ್ತಿಲ್ಲ ಎಂದು ಅವರಿಗೆ ತಿಳಿಸುವುದರಲ್ಲಿ ಅವಮಾನವೇನಿದೆ?

ಮೌನ ಕಲಿಸುವ ಕೆಲಸ ಶುರುವಾಗುವುದು ಆಪರೇಷನ್‌ಗೂ ಮುಂಚೆ. ಡಾಕ್ಟರು ಕಾರಿಡಾರಿನಲ್ಲಿ ಮಗನನ್ನೋ ಭಾವನನ್ನೋ ಕರೆದು ಮಾತಾಡುತ್ತಾರೆ. ಪೂರ್ತಿ ಪ್ರಜ್ಞೆಯಲ್ಲಿ ಮಂಚದ ಮೇಲಿರುವವರಿಗೆ ಸಹಿ ಹಾಕುವ ಹೊತ್ತಿಗೆ ಸುದ್ದಿ ತಲುಪುತ್ತದೆ. "ಅವರು ಹೆದರಿಬಿಡುತ್ತಾರೆ" ಎಂಬ ಕಾರಣ ಪ್ರೀತಿಯಿಂದಲೇ ಬಂದದ್ದು, ಒಪ್ಪುತ್ತೇನೆ. ಆದರೆ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಅಲ್ಲಿ ಮಹಿಳೆಗೆ ಅರಿವಳಿಕೆ ಕೊಟ್ಟಿದ್ದಾಗ ಆಕೆಯ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆಯಲಾಗಿತ್ತು. ಪ್ರಾಣಾಪಾಯದ ತುರ್ತಿಲ್ಲದಿದ್ದಾಗ, ವಯಸ್ಕ ರೋಗಿಯ ಪರವಾಗಿ ಬೇರೆಯವರು ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ ಎಂದಿತು ನ್ಯಾಯಾಲಯ. ಕಾಲಿನ ವಿಷಯದಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿದೆ: "ಮಂಡಿ ಉಳಿಸಲು ಆಗುತ್ತದೆಯೇ?" ಸ್ವಂತ ಮಂಡಿ ಇದ್ದವರಿಗೆ ಕೃತಕ ಕಾಲಿನ ನಡಿಗೆ ಬಹಳ ಹಗುರ. ಮಂಡಿ ಹೋದವರಿಗೆ ಅದೇ ದೂರಕ್ಕೆ ತುಂಬ ಹೆಚ್ಚು ಶಕ್ತಿ ಬೇಕು. ನಂಜು ಮೈಗೇರುತ್ತಿರುವಾಗ ಚರ್ಚೆಗೆ ಸಮಯವಿರುವುದಿಲ್ಲ, ಆಗ ಸರ್ಜನ್ ನಿರ್ಧರಿಸಲೇಬೇಕು. ಆದರೆ ಸಕ್ಕರೆ ಕಾಯಿಲೆಯ ಪಾದಗಳಲ್ಲಿ ಎಷ್ಟೋ ಸಲ ಕೆಲವು ದಿನಗಳ ಬಿಡುವು ಇರುತ್ತದೆ. ರಕ್ತನಾಳದ ತಜ್ಞರಿಗೆ ಒಮ್ಮೆ ತೋರಿಸೋಣವೇ ಎಂದು ಕೇಳಿದರೆ ಡಾಕ್ಟರಿಗೆ ಅಗೌರವವಾಗುವುದಿಲ್ಲ.

ಇಲ್ಲದ ಕಾಲಿನ ನೋವಿನ ಬಗ್ಗೆ ಹೇಳದಿದ್ದರೆ ಈ ಮಾತು ಅಪೂರ್ಣ. ಇಲ್ಲದ ಹೆಬ್ಬೆರಳು ತಿರುಚಿದಂತಾಗುತ್ತದೆ, ಇಲ್ಲದ ಹಿಮ್ಮಡಿಗೆ ಸೂಜಿ ಚುಚ್ಚಿದಂತಾಗುತ್ತದೆ ಎಂದರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಹುಚ್ಚು ಎಂದಾರು ಎಂಬ ಭಯಕ್ಕೆ ರಾತ್ರಿಯಿಡೀ ಹಲ್ಲು ಕಚ್ಚಿ ಮಲಗುವವರಿದ್ದಾರೆ. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳನ್ನು ನೋಡಿಕೊಂಡಿದ್ದ ವೈದ್ಯ ಸೈಲಾಸ್ ವೇಯರ್ ಮಿಚೆಲ್ ಇಂಥ ಅನುಭವವನ್ನು 1866ರಲ್ಲಿ ಮೊದಲು ಬರೆದದ್ದು ಪತ್ರಿಕೆಯೊಂದರಲ್ಲಿ, ಹೆಸರು ಹಾಕದ ಕಥೆಯಾಗಿ. ಅದಕ್ಕೆ "ಫ್ಯಾಂಟಮ್ ಲಿಂಬ್" ಎಂದು ಹೆಸರಿಟ್ಟದ್ದು ಆಮೇಲೆ, 1871ರಲ್ಲಿ. ಈಗ ಇದಕ್ಕೆ ನರಗಳ ನೋವಿಗೆ ಕೊಡುವ ಮಾತ್ರೆಗಳಿವೆ, 1990ರ ದಶಕದಲ್ಲಿ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಬಳಕೆಗೆ ತಂದ ಕನ್ನಡಿ ಪೆಟ್ಟಿಗೆಯ ಅಭ್ಯಾಸವಿದೆ. ಎಲ್ಲರಿಗೂ ಎಲ್ಲವೂ ಕೆಲಸ ಮಾಡುವುದಿಲ್ಲ. ಆದರೆ ಬಾಯಿಬಿಡದವರಿಗೆ ಇವುಗಳಲ್ಲಿ ಯಾವುದೂ ಸಿಗುವುದಿಲ್ಲ. ಸಾಮಾನ್ಯವಾಗಿ ಕಂಡುಬರುವ ಈ ನೋವಿನ ಬಗ್ಗೆ ಡಿಸ್‌ಚಾರ್ಜ್‌ ಮಾಡುವಾಗಲೇ "ಹೀಗಾಗಬಹುದು, ಆದಾಗ ಹೇಳಿ" ಎಂದು ತಿಳಿಸಲು ಆಸ್ಪತ್ರೆಗಳಿಗೆ ಏನು ಅಡ್ಡಿ?

ಸಕ್ಕರೆ ಕಾಯಿಲೆ ನನ್ನ ವಾದವನ್ನು ಸ್ವಲ್ಪ ತೊಡಕಾಗಿಸುತ್ತದೆ. ನರಗಳು ಸತ್ತಲ್ಲಿ ನೋವೇ ಇರುವುದಿಲ್ಲ, ಹೇಳಲು ಏನೂ ಇರುವುದಿಲ್ಲ. ಅಂಥವರ "ಚೆನ್ನಾಗಿದೆ" ಎಂಬ ಮಾತನ್ನು ನಂಬುವಂತಿಲ್ಲ. ಅವರು ಕೈಗನ್ನಡಿ ಹಿಡಿದು ಸ್ಟಂಪಿನ ತುದಿ, ಉಳಿದ ಪಾದದ ಅಡಿ ದಿನವೂ ನೋಡಿ, ಕಂಡದ್ದನ್ನು ಹೇಳಬೇಕು. ಒಂದು ಕಾಲು ಹೋದವರ ಇನ್ನೊಂದು ಕಾಲಿಗೂ ಅಪಾಯ ಹೆಚ್ಚು ಎಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಹಾಗಿದ್ದೂ ತಪಾಸಣೆಗೆ ಹೋದಾಗ ಉಳಿದ ಕಾಲಿನ ಚಪ್ಪಲಿ ಬಿಚ್ಚಿಸದೆ ಕಳಿಸುವುದುಂಟು. "ಸಾರ್, ಈ ಪಾದವನ್ನೂ ನೋಡಿ" ಎಂದು ಚಪ್ಪಲಿ ತಾವೇ ಬಿಚ್ಚುವವರನ್ನು ನಾನು ಒಳ್ಳೆಯ ರೋಗಿ ಎನ್ನುತ್ತೇನೆ.

ಹೆಂಗಸರ ಪಾಡು ಇನ್ನೂ ಕಷ್ಟ. ತೊಡೆಯವರೆಗಿನ ಕಾಲಿಗೆ ಅಳತೆ ಕೊಡುವಾಗ ತೊಡೆಸಂದಿನವರೆಗೆ ಪ್ಲಾಸ್ಟರ್ ಹಚ್ಚಬೇಕಾಗುತ್ತದೆ. ಅಳತೆ ತೆಗೆಯುವವರು ಗಂಡಸಾದರೆ, ಪರದೆಯೂ ಇಲ್ಲದಿದ್ದರೆ, ಎಷ್ಟೋ ಹೆಂಗಸರು ಬೇಗ ಮುಗಿದರೆ ಸಾಕೆಂದು ಎಲ್ಲದಕ್ಕೂ ತಲೆಯಾಡಿಸುತ್ತಾರೆ. ಸಾಕೆಟ್ಟಿನ ಅಂಚು ಎಲ್ಲಿ ಕೊರೆಯುತ್ತದೆ ಎಂದು ಆಮೇಲೂ ಹೇಳುವುದಿಲ್ಲ. ಆಕೆ ನೆಲದ ಮೇಲೆ ಕೂತು ತರಕಾರಿ ಹೆಚ್ಚುತ್ತಾಳೋ, ಮನೆಯಲ್ಲಿ ಯಾವ ಬಗೆಯ ಕಕ್ಕಸು ಇದೆ, ಸೀರೆ ಉಡುತ್ತಾಳೋ ಎಂದು ಕೇಳದೆ ಮಾಡಿದ ಕಾಲು ಆಕೆಯ ಕಾಲಾಗುವುದು ಹೇಗೆ? ಬೇರೊಬ್ಬ ಹೆಂಗಸು ಜೊತೆಗಿರಬೇಕು, ಪರದೆ ಬೇಕು ಎಂದು ಕೇಳುವುದನ್ನು ನಖರಾ ಎನ್ನುವವರಿಗೆ ತಾವು ಏನು ಕಳೆದುಕೊಳ್ಳುತ್ತಿದ್ದೇವೆ ಎಂಬುದೇ ಗೊತ್ತಿಲ್ಲ: ಸರಿಯಾದ ಅಳತೆಯನ್ನು.

ಸಾಹಸಗಾಥೆಗಳೂ ಈ ಮೌನಕ್ಕೆ ನೆರವಾಗಿವೆ. 1981ರ ಅಪಘಾತದಲ್ಲಿ ಕಾಲು ಕಳೆದುಕೊಂಡು, ಜೈಪುರ ಕಾಲಿನಲ್ಲಿ ಮತ್ತೆ ನರ್ತಿಸಿದ ಸುಧಾ ಚಂದ್ರನ್ ಅವರನ್ನು ದೇಶ ದಶಕಗಳ ಕಾಲ ಹಾಡಿ ಹೊಗಳಿತು. ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ ಪ್ರತಿ ಸಲವೂ ಕೃತಕ ಕಾಲು ಬಿಚ್ಚಿಸುವುದು ನೋವು ತರುತ್ತದೆ ಎಂದು ತಿಳಿಸಲು ಅವರು 2021ರಲ್ಲಿ ಪ್ರಧಾನಿಗೇ ವಿಡಿಯೊದಲ್ಲಿ ಮನವಿ ಮಾಡಬೇಕಾಯಿತು. ಆಮೇಲೆ ಭದ್ರತಾ ಪಡೆ ಕ್ಷಮೆ ಕೇಳಿತು. ಅಷ್ಟು ಹೆಸರಿದ್ದವರ ಕಥೆ ಇದಾದರೆ, ತಾಲ್ಲೂಕು ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಗಾರೆ ಕೆಲಸದವರ ಮಾತು ಎಲ್ಲಿಗೆ ಮುಟ್ಟೀತು?

"ಒಪಿಡಿಯಲ್ಲಿ ನೂರಾರು ಜನ ಕಾಯುತ್ತಿರುತ್ತಾರೆ, ಪ್ರತಿಯೊಬ್ಬರ ಕಥೆ ಕೇಳಲು ಪುರಸೊತ್ತೆಲ್ಲಿ?" ಎಂದು ವೈದ್ಯರು ಕೇಳುವುದರಲ್ಲಿ ನಿಜವಿದೆ. ಆದರೆ ಎಲ್ಲಿ, ಯಾವಾಗ, ಎಷ್ಟು ಹೊತ್ತು ಎಂಬ ಮೂರು ಪ್ರಶ್ನೆಗಳಿಗೆ ಎರಡು ನಿಮಿಷ ಸಾಕು. ಹುಣ್ಣಾದ ಸ್ಟಂಪಿಗೆ ವಾರಗಟ್ಟಲೆ ಡ್ರೆಸ್ಸಿಂಗ್ ಮಾಡುವ ಸಮಯ ಅದೇ ಆಸ್ಪತ್ರೆಯದೇ ತಾನೆ? ರೋಗಿಗಳಿಗೆ "ಧೈರ್ಯವಾಗಿ ಕೇಳಿ" ಎಂದು ಉಪದೇಶಿಸಿ ಕೈತೊಳೆದುಕೊಳ್ಳುವುದನ್ನೂ ನಾನು ಒಪ್ಪುವುದಿಲ್ಲ. ದಿನಗೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ, ಊರುಗೋಲಿನಲ್ಲಿ ಬಂದವರಿಗೆ ಧೈರ್ಯದ ಪಾಠ ಬೇಡ. ತಾವು ಹೇಳಿದ್ದು ಚೀಟಿಯಲ್ಲಿ ದಾಖಲಾಗುತ್ತದೆ ಎಂಬ ಭರವಸೆ ಬೇಕು. ಕೇಳಿದ 72 ಗಂಟೆಯೊಳಗೆ ರೋಗಿಗೆ ತನ್ನ ವೈದ್ಯಕೀಯ ದಾಖಲೆಗಳ ಪ್ರತಿ ಕೊಡಬೇಕೆಂದು ವೈದ್ಯರ ವೃತ್ತಿ ನಿಯಮಾವಳಿ 2002ರಿಂದಲೂ ಹೇಳುತ್ತಿದೆ. ಆ ದಾಖಲೆಯಲ್ಲಿ ಆಪರೇಷನ್ ಟಿಪ್ಪಣಿ, ಔಷಧಿಯ ಹೆಸರುಗಳ ಜೊತೆ "ಹೊರಬದಿಯ ಮೂಳೆಯ ಮೇಲೆ ಉರಿ ಎನ್ನುತ್ತಾರೆ" ಎಂಬ ಒಂದು ಸಾಲೂ ಇರಬೇಕು. ಶಿಬಿರ ನಡೆಸುವವರು ಎಷ್ಟು ಕಾಲು ಹಂಚಿದೆವು ಎಂದು ಬ್ಯಾನರಿನಲ್ಲಿ ಬರೆಸುವುದರ ಜೊತೆಗೆ, ಆರು ತಿಂಗಳ ಮೇಲೆ ಪ್ರತಿಯೊಬ್ಬರಿಗೂ ಫೋನ್ ಮಾಡಿ, ಕಾಲು ಹಾಕಿಕೊಳ್ಳುತ್ತಿದ್ದಾರೋ ಇಲ್ಲವೋ, ಇಲ್ಲದಿದ್ದರೆ ಎಲ್ಲಿ ನೋಯುತ್ತದೆ ಎಂದು ಕೇಳಿ, ಆ ಲೆಕ್ಕವನ್ನೂ ಪ್ರಕಟಿಸಲಿ.