ಹಿಡಿದರೆ ಬಿಡದ ಟಾಗಲ್ ಕ್ಲ್ಯಾಂಪ್

ಹಿಡಿ ಒತ್ತಿದರೆ ಬಿಗಿಯುವ, ಎತ್ತಿದರೆ ತಟ್ಟನೆ ಬಿಡುವ ಸಾಧನ ಟಾಗಲ್ ಕ್ಲ್ಯಾಂಪ್. ಅದರ ಜಾಣತನವೆಲ್ಲ ಕೀಲುಗಳಲ್ಲಿದೆ. ಹಿಡಿ ಒತ್ತಿದಾಗ ಮೂರು ಕೀಲುಗಳು ಒಂದೇ ಗೆರೆಗೆ ಬರುತ್ತವೆ. ನಡುವಿನದು ಗೆರೆಯನ್ನು ಕೂದಲೆಳೆಯಷ್ಟು ದಾಟಿ ತಡೆಗೆ ತಾಗಿ ನಿಲ್ಲುತ್ತದೆ. ಆಮೇಲೆ ಹಿಡಿದಿಟ್ಟ ಕಬ್ಬಿಣ ಕೆಳಗಿನಿಂದ ಒತ್ತಿದಷ್ಟೂ ಪಟ್ಟು ಬಿಗಿಯುತ್ತದೆಯೇ ಹೊರತು ಸಡಿಲವಾಗುವುದಿಲ್ಲ. ಇಷ್ಟು ಸರಳವಾದ, ಇಷ್ಟು ನಂಬಿಕಸ್ತ ಯಾಂತ್ರಿಕ ಉಪಾಯಗಳು ಅಪರೂಪ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ತಾಲ್ಲೂಕು ಕೇಂದ್ರಗಳ ವೆಲ್ಡಿಂಗ್ ಶಾಪುಗಳಿಗೆ ಬರುವುದು ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೇಲರಿನ ಕೆಲಸ. ಒಂದೇ ಅಳತೆಯ ಹತ್ತಾರು ಕಿಟಕಿ ಗ್ರಿಲ್ಲು ಮಾಡುವಾಗ ಈ ಕ್ಲ್ಯಾಂಪಿನ ಬೆಲೆ ತಿಳಿಯುತ್ತದೆ. ಟೇಬಲ್ ಮೇಲೆ ಆಂಗಲ್ ತುಂಡುಗಳನ್ನು ತಡೆಯಾಗಿ ಕೂರಿಸಿ, ಮೂಲೆಮಟ್ಟ ಹಿಡಿದು ನೋಡಿ, ಎದುರಿಗೆ ಕ್ಲ್ಯಾಂಪ್ ಬಿಗಿದರೆ ಜಿಗ್, ಅಂದರೆ ಅಳತೆಯ ಅಚ್ಚು, ಸಿದ್ಧ. ಮುಂದೆ ಪ್ರತಿ ಚೌಕಟ್ಟಿಗೂ ಟೇಪು ಹಿಡಿಯಬೇಕಿಲ್ಲ.

ಕಾದ ಕಬ್ಬಿಣ ಸುಮ್ಮನಿರುವುದಿಲ್ಲ. 1 ಮೀಟರ್ ಉಕ್ಕು 100 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಸುಮಾರು 1.2 ಮಿ.ಮೀ. ಹಿಗ್ಗುತ್ತದೆ, ಬೆಸುಗೆ ಆರುವಾಗ ಮೂಲೆಯನ್ನು ತನ್ನತ್ತ ಎಳೆಯುತ್ತದೆ. ಆದ್ದರಿಂದ ನಾಲ್ಕೂ ಮೂಲೆಗೆ ಮೊದಲು ಟ್ಯಾಕ್ (ಚುಕ್ಕೆ ಬೆಸುಗೆ) ಹಾಕಿ, ಎದುರುಬದುರು ಮೂಲೆಗಳನ್ನು ಸರದಿಯಲ್ಲಿ ಬೆಸೆದು, ಕೆಲಸ ತಣಿದ ಮೇಲೆಯೇ ಹಿಡಿ ಎತ್ತುವುದು ಸರಿ.

ಕ್ಲ್ಯಾಂಪಿನಲ್ಲಿ ಕಬ್ಬಿಣವನ್ನು ಒತ್ತುವ ಬೋಲ್ಟಿನ ತುದಿಯ ರಬ್ಬರ್ ಟೋಪಿ ಬಿಸಿಗೆ ಸುಡುತ್ತದೆ. ಬೆಸುಗೆಯ ಹತ್ತಿರ ಬರಿಯ ಬೋಲ್ಟೇ ಒಳ್ಳೆಯದು. ಅದರ ತಿರುಪಿನ ಎಳೆಗಳಿಗೆ ಕಿಡಿ ಸಿಡಿದು ಅಂಟದಂತೆ ಮುಚ್ಚಬೇಕು. ಕಬ್ಬಿಣದ ದಪ್ಪ ಬದಲಾದಾಗಲೆಲ್ಲ ಬೋಲ್ಟನ್ನು ಹೊಂದಿಸಬೇಕಾಗುವುದರಿಂದ, ಬಗೆಬಗೆಯ ರಿಪೇರಿಗೆ ಹಳೆಯ ಸಿ-ಕ್ಲ್ಯಾಂಪೇ ಅನುಕೂಲ.